ಅಂಜಿಕೆಯ ಲೆಕ್ಕ: ಪುಣೆಯ ದೀನವರ್ಗಗಳ ಮನೋವ್ಯಾಕುಲತೆಯ ಇತಿಹಾಸ

೧. ವಿಷಯ ಪ್ರವೇಶ

ಪುಣೆಯ ಇತಿಹಾಸವನ್ನು ಬರೆದವರು ಪೇಶ್ವೆಯರ ದರ್ಬಾರನ್ನೂ, ಆಂಗ್ಲರ ದಂಡಿನ ಪಾಳೆಯವನ್ನೂ, ಸುಧಾರಕರ ಸಭೆಗಳನ್ನೂ, ರಾಷ್ಟ್ರೀಯ ಆಂದೋಲನವನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಈ ನಗರದ ಬಡವರ ದೇಹಕ್ಕೆ ತಗಲಿದ ರೋಗಗಳ ವೃತ್ತಾಂತವೂ ಸರಕಾರೀ ವರದಿಗಳಲ್ಲಿ ಬೇಕಾದಷ್ಟು ದೊರೆಯುತ್ತದೆ. ಆದರೆ ಅವರ ಮನಸ್ಸಿಗೆ ಬಂದ ಬೇನೆಯ, ಅದರಲ್ಲಿಯೂ ಭೀತಿ ಕಳವಳಗಳ ಇತಿಹಾಸವನ್ನು ಅರಸಹೊರಟ ಅಭ್ಯಾಸಿಗೆ ಕಡತಗಳು ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಬಡವರು ನಿರ್ಭಯರಾಗಿ ಬಾಳಿದರೆಂದು ಇದರಿಂದ ಊಹಿಸುವಂತಿಲ್ಲ. ಭಯಪಡಲು ಯಾರಿಗೆ ಹೆಚ್ಚು ಕಾರಣವಿತ್ತೋ ಅವರ ಭಯವೇ ರೋಗಗಳ ಲೆಕ್ಕದಿಂದ ಹೊರಗುಳಿಯಿತು. ಹೀಗೆ ಹೊರಗುಳಿದದ್ದು ಆಕಸ್ಮಿಕವೂ ಅಲ್ಲ. ಇದನ್ನು ಪುಣೆಯ ನಿದರ್ಶನದಿಂದ, ಪುಣೆಯೊಡನೆ ಒಂದೇ ಇಲಾಖೆಯಲ್ಲಿದ್ದ ಕನ್ನಡ ಜಿಲ್ಲೆಗಳ ನಿದರ್ಶನದಿಂದ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಶಬ್ದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಪಾಯವು ಎದುರಿಗಿದ್ದಾಗ ಉಂಟಾಗುವ ಅಂಜಿಕೆ ಪ್ರಾಣಿಮಾತ್ರಕ್ಕೆ ಸಹಜವಾದುದು, ಆತ್ಮರಕ್ಷಣೆಗೆ ಅವಶ್ಯವಾದುದು. ಅಪಾಯವು ಸರಿದ ಮೇಲೂ ಅಂಜಿಕೆ ಸರಿಯದೆ ತಿಂಗಳುಗಟ್ಟಲೆ ನಿಂತು, ನಿದ್ರೆಯನ್ನು ಕೆಡಿಸಿ, ಎದೆಬಡಿತವನ್ನೂ ಉಬ್ಬಸವನ್ನೂ ತಂದು, ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದಾಗ ವೈದ್ಯಶಾಸ್ತ್ರವು ಅದನ್ನು ಆತಂಕವ್ಯಾಧಿ ಎಂದು ಕರೆಯುತ್ತದೆ. ಕನ್ನಡದಲ್ಲಿ ಈ ಸ್ಥಿತಿಯ ಛಾಯೆಗಳನ್ನು ಸೂಚಿಸುವ ಮಾತುಗಳಿಗೆ ಬಡತನವಿಲ್ಲ. ಅಂಜಿಕೆ, ದಿಗಿಲು, ಕಳವಳ, ತಳಮಳ, ಗಾಬರಿ ಇವೆಲ್ಲ ದಿನಬಳಕೆಯ ಮಾತುಗಳೇ. ಆದರೆ ದುಡಿಯುವ ಜನರು ವೈದ್ಯರ ಮುಂದೆ ಕುಳಿತಾಗ ಈ ಮಾತುಗಳನ್ನು ಆಡುವುದು ಕಡಿಮೆ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಸೋತು ಬರುತ್ತವೆ, ಹೊಟ್ಟೆಯಲ್ಲಿ ಸಂಕಟ, ತಲೆ ಭಾರ ಎಂದು ಅವರು ದೇಹದ ಭಾಷೆಯಲ್ಲಿ ನಿವೇದಿಸುತ್ತಾರೆ. ವೈದ್ಯನು ನಿಶ್ಶಕ್ತಿಯೆಂದೋ ಪಿತ್ತವೆಂದೋ ಬರೆದುಕೊಂಡು ಗುಳಿಗೆ ಕೊಟ್ಟು ಕಳುಹಿಸುತ್ತಾನೆ. ಆ ಕ್ಷಣದಲ್ಲಿಯೇ ಬೇನೆಯು ಲೆಕ್ಕದಿಂದ ತಪ್ಪಿಹೋಗುತ್ತದೆ.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಹಿಂದಿನ ಕಾಲದ ಜನಸಮೂಹಕ್ಕೆ ಇಂದಿನ ರೋಗನಾಮವನ್ನು ಅಂಟಿಸುವುದು ಇತಿಹಾಸಕಾರನಿಗೆ ಸಲ್ಲದು. ಭೀತಿಗೆ ಯಾವ ಕಾರಣಗಳಿದ್ದವು, ಅವು ಯಾವ ವರ್ಗದ ಮೇಲೆ ಹೆಚ್ಚು ಬಿದ್ದವು, ಆಳುವವರು ಆ ಭೀತಿಯನ್ನು ಏನೆಂದು ಹೆಸರಿಸಿದರು ಎಂಬ ಮೂರು ಪ್ರಶ್ನೆಗಳಿಗಷ್ಟೇ ಹಳೆಯ ದಾಖಲೆಗಳಿಂದ ಉತ್ತರ ಪಡೆಯಬಹುದು.

೨. ಪ್ಲೇಗಿನ ಪುಣೆ

೧೮೯೬ನೆಯ ಇಸವಿಯ ಸಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೋ ವಿಯೇಗಸರು ಪ್ಲೇಗನ್ನು ಗುರುತಿಸಿದರು. ಆ ವರ್ಷದ ಕೊನೆಯ ಹೊತ್ತಿಗೆ ಅದು ಪುಣೆಯನ್ನು ತಲುಪಿತು. ೧೮೯೭ರ ಫೆಬ್ರುವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಕೆಲವೇ ವಾಕ್ಯಗಳ ಈ ಕಾಯಿದೆಯು ಅಧಿಕಾರಿಗಳಿಗೆ ಮಿತಿಯಿಲ್ಲವೆನ್ನಬಹುದಾದ ಅಧಿಕಾರವನ್ನು ಕೊಟ್ಟಿತು. ಪುಣೆಯಲ್ಲಿ ಡಬ್ಲ್ಯೂ. ಸಿ. ರ್‍ಯಾಂಡನ ಅಧ್ಯಕ್ಷತೆಯಲ್ಲಿ ವಿಶೇಷ ಪ್ಲೇಗ್ ಸಮಿತಿ ನೇಮಕವಾಗಿ, ಮಾರ್ಚದಿಂದ ಮೇ ತಿಂಗಳವರೆಗೆ ಗೋರಾ ಸಿಪಾಯಿಗಳಿಂದ ಮನೆಮನೆಯ ಶೋಧನೆ ನಡೆಯಿತು. ರೋಗಿಗಳನ್ನು ಆಸ್ಪತ್ರೆಗೂ, ಅವರ ಮನೆಯವರನ್ನು ಪ್ರತ್ಯೇಕ ವಸತಿಗಳಿಗೂ ಸಾಗಿಸಲಾಯಿತು. ಹಾಸಿಗೆ ಬಟ್ಟೆಗಳನ್ನು ಸುಡಲಾಯಿತು. ನೆಲ ಅಗೆದು ಗೋಡೆಗೆ ಸುಣ್ಣ ಬಳಿಯಲಾಯಿತು.

ಮುಂದಿನ ಕಥೆ ಸರ್ವವಿದಿತವಾದುದು. ೧೮೯೭ರ ಜೂನ್ ೨೨ರ ರಾತ್ರಿ ಗಣೇಶಖಿಂಡದ ಹಾದಿಯಲ್ಲಿ ಚಾಪೇಕರ ಬಂಧುಗಳು ರ್‍ಯಾಂಡನ ಮೇಲೆ ಗುಂಡು ಹಾರಿಸಿದರು. ಅದೇ ರಾತ್ರಿ ಲೆಫ್ಟಿನೆಂಟ್ ಆಯರ್ಸ್ಟ್ ಮೃತನಾದನು, ಜುಲೈ ೩ರಂದು ರ್‍ಯಾಂಡನೂ ತೀರಿಕೊಂಡನು. ಅದೇ ವರ್ಷ ಲೋಕಮಾನ್ಯ ತಿಲಕರು ರಾಜದ್ರೋಹದ ಆರೋಪದ ಮೇಲೆ ಸೆರೆಮನೆ ಸೇರಿದರು. ಇತಿಹಾಸವು ನೆನಪಿಟ್ಟಿರುವುದು ಈ ಭಾಗವನ್ನು, ಎಂದರೆ ಪೇಠೆಗಳ ಮರ್ಯಾದಸ್ಥ ಮನೆತನಗಳಿಗೆ ಆದ ಅವಮಾನವನ್ನು. ಆ ಅವಮಾನ ಸುಳ್ಳಲ್ಲ. ಆದರೆ ಅದರ ಬದಿಯಲ್ಲಿ ಇನ್ನೊಂದು ಅಂಶವನ್ನು ಇರಿಸಿ ನೋಡಬೇಕು. ಅನುಕೂಲಸ್ಥರಿಗೆ ಊರು ಬಿಡುವ ದಾರಿಯಿತ್ತು. ಅನೇಕರು ಬಂಧುಗಳ ಹಳ್ಳಿಗಳಿಗೆ ಹೋದರು, ಕೆಲವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅವಮಾನವನ್ನು ಹೇಳಿಕೊಳ್ಳಲು ಅವರಿಗೆ ಪತ್ರಿಕೆಗಳಿದ್ದವು, ಸಭೆಗಳಿದ್ದವು, ವಿಲಾಯತಿಯವರೆಗೆ ಮುಟ್ಟುವ ದನಿಯಿತ್ತು. ದಿನಗೂಲಿಯವನಿಗೆ ಪ್ರತ್ಯೇಕ ವಸತಿಯಲ್ಲಿ ಕಳೆದ ಒಂದೊಂದು ದಿನವೂ ಅನ್ನವಿಲ್ಲದ ದಿನ. ಸುಟ್ಟುಹೋದ ಕಂಬಳಿಯೇ ಅವನ ಇಡೀ ಸೊತ್ತು.

ಆಳುವವರು ಈ ಜನರ ಭೀತಿಯನ್ನು ಏನೆಂದು ಕರೆದರು? ರೋಗಿಯನ್ನು ಬಚ್ಚಿಟ್ಟರೆ ಅದು ವಂಚನೆ, ಓಡಿಹೋದರೆ ಅಜ್ಞಾನ, ದೇವಿಗೆ ಹರಸಿಕೊಂಡರೆ ಮೂಢನಂಬಿಕೆ. ಭೀತಿಯೆಂಬ ಒಂದೇ ಸ್ಥಿತಿಗೆ ಹೀಗೆ ಹಲವು ಅಪರಾಧನಾಮಗಳು ಸಿಕ್ಕವು, ರೋಗನಾಮವೊಂದು ಮಾತ್ರ ಸಿಕ್ಕಲಿಲ್ಲ. ೧೮೯೮ರಲ್ಲಿ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನೂ ಬೆಂಗಳೂರನ್ನೂ ಹೊಕ್ಕಿತು. ಹಾಫ್‌ಕಿನ್ ಸಿದ್ಧಪಡಿಸಿದ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಮ್ಮನ ಗುಡಿಗಳು ಆ ಭೀತಿಗೆ ಜನರು ತಾವಾಗಿಯೇ ಕಟ್ಟಿಕೊಂಡ ಸ್ಮಾರಕಗಳು.

ಈ ಸಂದರ್ಭದಲ್ಲಿ ಸಾವಿತ್ರೀಬಾಯಿ ಫುಲೆಯವರ ಕಾರ್ಯ ಸ್ಮರಣೀಯವಾದುದು. ಅವರ ದತ್ತುಪುತ್ರ ಡಾ. ಯಶವಂತರು ಹಡಪಸರದ ಬಳಿ ಪ್ಲೇಗ್ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ತೆರೆದರು. ಮುಂಢವೆಯ ಮಹಾರವಾಡೆಯ ಬಾಲಕನೊಬ್ಬನನ್ನು ಹೊತ್ತು ತಂದ ಸಾವಿತ್ರೀಬಾಯಿಯವರು ತಾವೇ ರೋಗಕ್ಕೆ ತುತ್ತಾಗಿ ೧೮೯೭ರ ಮಾರ್ಚ್ ೧೦ರಂದು ನಿಧನರಾದರು. ಮೂವತ್ತನಾಲ್ಕು ವರ್ಷಗಳ ಹಿಂದೆ, ೧೮೬೩ರಲ್ಲಿ, ಫುಲೆ ದಂಪತಿಗಳು ಇದೇ ಪುಣೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ಸ್ಥಾಪಿಸಿದ್ದರು. ಗರ್ಭಿಣಿಯರಾದ ವಿಧವೆಯರು ಲೋಕಾಪವಾದದ ದಿಗಿಲಿನಿಂದ ಶಿಶುವನ್ನೋ ತಮ್ಮನ್ನೋ ಕೊಂದುಕೊಳ್ಳುತ್ತಿದ್ದ ಕಾಲ ಅದು. ಅಂಥವರಿಗೆ ಗುಟ್ಟಾಗಿ ಹೆರಿಗೆಯಾಗಲು ಒಂದು ಸುರಕ್ಷಿತ ಮನೆಯನ್ನು ಒದಗಿಸಿದ ಫುಲೆಯವರು ಭೀತಿಯ ಕಾರಣವನ್ನೇ ದೂರಮಾಡಿದರು. ಉಪದೇಶವಿಲ್ಲದೆ ಆಶ್ರಯವನ್ನು ಕೊಡುವ ಈ ಕ್ರಮವು ಭೀತಿಯ ಚಿಕಿತ್ಸೆಯ ಇತಿಹಾಸದಲ್ಲಿ ಸ್ಥಾನ ಪಡೆಯಬೇಕಾದುದು.

೩. ಹುಚ್ಚರ ಮನೆಗಳ ದಫ್ತರ

ಮನೋವ್ಯಾಧಿಗೆಂದು ಸರಕಾರವು ಕಟ್ಟಿದ ಸಂಸ್ಥೆಗಳಲ್ಲಿಯಾದರೂ ಬಡವರ ಕಳವಳಕ್ಕೆ ಎಡೆಯಿತ್ತೆ ಎಂಬುದನ್ನು ಇನ್ನು ನೋಡಬೇಕು. ಮುಂಬಯಿ ಇಲಾಖೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲಾಬಾ, ಪುಣೆ, ಧಾರವಾಡ, ಅಹಮದಾಬಾದ, ರತ್ನಾಗಿರಿ ಮೊದಲಾದ ಕಡೆಗಳಲ್ಲಿ ಇಂಥ ಆಶ್ರಯಗೃಹಗಳಿದ್ದವು. ಧಾರವಾಡದ ಸಂಸ್ಥೆಯ ಪ್ರಾರಂಭ ೧೮೪೫ರಲ್ಲಿ ಆಯಿತು. ಕಾಲಕ್ರಮದಲ್ಲಿ ಅದೇ ಇಂದಿನ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಪುಣೆಯ ಯೇರವಡೆಯ ಆಸ್ಪತ್ರೆಯಂತೂ ಎರಡೂವರೆ ಸಾವಿರ ಹಾಸಿಗೆಗಳ ವ್ಯವಸ್ಥೆಯಿಂದಾಗಿ ಏಷ್ಯಾ ಖಂಡದ ಅತ್ಯಂತ ದೊಡ್ಡ ಮನೋರೋಗಾಲಯಗಳಲ್ಲಿ ಒಂದೆಂದು ಬಹುಕಾಲ ಹೆಸರಾಗಿತ್ತು.

ಈ ಗೃಹಗಳ ಬಾಗಿಲನ್ನು ಕಾದದ್ದು ವೈದ್ಯನಿಗಿಂತ ಹೆಚ್ಚಾಗಿ ಪೋಲೀಸನು. ೧೮೫೮ರ ಮೂವತ್ತಾರನೆಯ ಕಾಯಿದೆಯ ಪ್ರಕಾರ ಬೀದಿಯಲ್ಲಿ ಅಲೆಯುವ, ಅಪಾಯಕಾರಿಯೆಂದು ತೋರುವ ಬುದ್ಧಿಭ್ರಮಿತರನ್ನು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸುವ ಅಧಿಕಾರ ಪೋಲೀಸರಿಗಿತ್ತು. ೧೯೧೨ರ ಕಾಯಿದೆಯು ಕೆಲವು ಸುಧಾರಣೆಗಳನ್ನು ತಂದಿತಾದರೂ ಮೂಲ ದೃಷ್ಟಿಯನ್ನು ಬದಲಾಯಿಸಲಿಲ್ಲ. ೧೯೮೭ರ ಕಾಯಿದೆ ೧೯೯೩ರಲ್ಲಿ ಜಾರಿಗೆ ಬರುವವರೆಗೆ ಅದೇ ನಡೆಯಿತು. ಸಾರ್ವಜನಿಕ ಶಾಂತಿಗೆ ಭಂಗ ತಂದವನು ಕಾನೂನಿನ ದೃಷ್ಟಿಗೆ ಬಿದ್ದನು. ರಾತ್ರಿಯಿಡೀ ನಿದ್ರೆಯಿಲ್ಲದೆ ಬೆವರಿ, ಬೆಳಗಾದರೆ ಗಿರಣಿಗೆ ಹೋಗುತ್ತಿದ್ದವನು ಯಾರ ಶಾಂತಿಗೂ ಭಂಗ ತರಲಿಲ್ಲ; ಆದಕಾರಣ ಅವನು ರೋಗಿಯೂ ಆಗಲಿಲ್ಲ. ಆಶ್ರಯಗೃಹಗಳ ವಾರ್ಷಿಕ ವರದಿಗಳು ರೋಗಿಗಳನ್ನು ಉನ್ಮಾದ, ವಿಷಾದ, ಬುದ್ಧಿಮಾಂದ್ಯಗಳೆಂದು ವಿಂಗಡಿಸುತ್ತವೆ, ಗಾಂಜಾದಂಥ ಕಾರಣಗಳನ್ನು ಪಟ್ಟಿಮಾಡುತ್ತವೆ. ಆ ಕೋಷ್ಟಕಗಳಲ್ಲಿ ಕೇವಲ ಅಂಜಿಕೆಗೆಂದು ಒಂದು ಕಂಬಸಾಲು ಇರಲಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ಖಾತೆಯೇ ಇಲ್ಲದ ಬಾಬು ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ಕಾಣಿಸುವುದಾದರೂ ಹೇಗೆ? ೧೯೪೬ರಲ್ಲಿ ಭೋರ್ ಸಮಿತಿಯು ವರದಿಯನ್ನೊಪ್ಪಿಸಿದಾಗ ನಾಲ್ವತ್ತು ಕೋಟಿ ಜನರ ಈ ದೇಶದಲ್ಲಿ ಮನೋರೋಗಿಗಳಿಗೆಂದು ಇದ್ದ ಹಾಸಿಗೆಗಳು ಸುಮಾರು ೧೦,೦೦೦ ಮಾತ್ರ. ಅವೂ ತೀವ್ರ ವಿಕಾರಗಳಿಗೆ ಮೀಸಲಾದವು.

೪. ಶಾಸ್ತ್ರದ ಪಕ್ಷಪಾತ

ಈ ಲೋಪವು ಹಿಂದುಸ್ಥಾನದ ಕಾರಕೂನರ ಅಲಕ್ಷ್ಯದಿಂದ ಮಾತ್ರ ಉಂಟಾದುದಲ್ಲ. ಶಾಸ್ತ್ರವೇ ಅದಕ್ಕೆ ಎಡೆಮಾಡಿಕೊಟ್ಟಿತ್ತು. ೧೮೬೯ರಲ್ಲಿ ಅಮೇರಿಕೆಯ ವೈದ್ಯ ಜಾರ್ಜ್ ಬಿಯರ್ಡನು ನರದೌರ್ಬಲ್ಯವೆಂಬ ರೋಗವನ್ನು ಪ್ರತಿಪಾದಿಸಿದನು. ೧೮೮೧ರ ಗ್ರಂಥದಲ್ಲಿ ಅವನು ಇದನ್ನು ಆಧುನಿಕ ನಾಗರಿಕತೆಯ ಫಲವೆಂದೂ, ಬುದ್ಧಿಯಿಂದ ದುಡಿಯುವವರಲ್ಲಿ ಹೆಚ್ಚಾಗಿ ಕಾಣುವುದೆಂದೂ ವಾದಿಸಿದನು. ಈ ತರ್ಕದ ಇನ್ನೊಂದು ಮುಖವನ್ನು ಬಿಡಿಸಿ ಹೇಳುವುದು ಕಷ್ಟವಲ್ಲ: ಮೈಯಿಂದ ದುಡಿಯುವವನ ನರಗಳು ಒರಟು, ವಸಾಹತಿನ ಪ್ರಜೆಯ ಮನಸ್ಸು ಸರಳ, ಅವರಿಗೆ ಸೂಕ್ಷ್ಮವಾದ ಕಳವಳ ಬಾರದು. ೧೮೯೫ರಲ್ಲಿ ಸಿಗ್ಮಂಡ್ ಫ್ರಾಯ್ಡರು ನರದೌರ್ಬಲ್ಯದಿಂದ ಆತಂಕವನ್ನು ಬೇರ್ಪಡಿಸಿ ಅದಕ್ಕೊಂದು ಸ್ವತಂತ್ರ ಸ್ಥಾನವನ್ನು ಕೊಟ್ಟರು. ಆದರೆ ಅವರು ಬೆಳೆಸಿದ ಚಿಕಿತ್ಸಾಪದ್ಧತಿಗೆ ಬೇಕಾದ ಬಿಡುವೂ ಶುಲ್ಕವೂ ಮಧ್ಯಮ ವರ್ಗಕ್ಕಿಂತ ಕೆಳಗಿನವರಲ್ಲಿ ಇರಲಿಲ್ಲ.

ಈ ಪಕ್ಷಪಾತವನ್ನು ಅಂಕಿಗಳಿಂದ ಬಯಲಿಗೆಳೆದ ಗ್ರಂಥವೆಂದರೆ ಹಾಲಿಂಗ್ಸ್‌ಹೆಡ್ ಮತ್ತು ರೆಡ್ಲಿಕ್ ಎಂಬ ಸಮಾಜಶಾಸ್ತ್ರಜ್ಞ ಮತ್ತು ಮನೋವೈದ್ಯರು ೧೯೫೮ರಲ್ಲಿ ಪ್ರಕಟಿಸಿದ ಸಾಮಾಜಿಕ ವರ್ಗ ಮತ್ತು ಮನೋವ್ಯಾಧಿಗಳ ಅಧ್ಯಯನ. ನ್ಯೂ ಹೇವನ್ ನಗರದಲ್ಲಿ ಚಿಕಿತ್ಸೆಯಲ್ಲಿದ್ದವರನ್ನು ಅವರು ವರ್ಗಾನುಸಾರ ಎಣಿಸಿದರು. ಮೇಲಿನ ವರ್ಗಗಳ ರೋಗಿಗಳಲ್ಲಿ ಆತಂಕದಂಥ ಲಘುವಿಕಾರಗಳು ಹೆಚ್ಚಾಗಿ ಕಂಡವು. ಅವರಿಗೆ ಖಾಸಗಿ ವೈದ್ಯರ ಸಂಭಾಷಣಾ ಚಿಕಿತ್ಸೆ ದೊರೆಯುತ್ತಿತ್ತು. ಕೆಳವರ್ಗದ ರೋಗಿಗಳಲ್ಲಿ ಬಹುಪಾಲು ತೀವ್ರ ವಿಕಾರದವರು; ಅವರು ಸರಕಾರೀ ಆಸ್ಪತ್ರೆಗಳಲ್ಲಿದ್ದರು, ಎಷ್ಟೋ ವೇಳೆ ಪೋಲೀಸರ ಅಥವಾ ನ್ಯಾಯಾಲಯದ ದಾರಿಯಿಂದ ಬಂದವರು. ಬಡವರಿಗೆ ಆತಂಕವೇ ಬರುವುದಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅವರ ಆತಂಕವು ಚಿಕಿತ್ಸೆಯ ಬಾಗಿಲಿಗೆ ಬರುವುದಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಆಸ್ಪತ್ರೆಯ ದಫ್ತರವನ್ನು ನೋಡಿ ಸಮಾಜದ ರೋಗವನ್ನು ಅಳೆಯುವುದು ಬ್ಯಾಂಕಿನ ಠೇವಣಿಯನ್ನು ನೋಡಿ ಊರಿನ ಬಡತನವನ್ನು ಅಳೆದಂತೆ.

೫. ಹಾಜರಿಯ ದಿಗಿಲು

ಪಶ್ಚಿಮ ಹಿಂದುಸ್ಥಾನದ ಕೆಲವು ಸಮಾಜಗಳಿಗೆ ಭೀತಿಯು ದುರ್ದೈವದಿಂದ ಬಂದುದಾಗಿರಲಿಲ್ಲ; ಕಾನೂನಿನಿಂದ ವಿಧಿಸಲ್ಪಟ್ಟುದಾಗಿತ್ತು. ೧೮೭೧ರ ಅಪರಾಧಿ ಜಾತಿಗಳ ಕಾಯಿದೆಯು ೧೯೧೧ರ ಪರಿಷ್ಕರಣದ ತರುವಾಯ ಮುಂಬಯಿ ಇಲಾಖೆಯಲ್ಲಿ ವ್ಯಾಪಕವಾಗಿ ಅನ್ವಯವಾಯಿತು. ಸೊಲ್ಲಾಪುರ, ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ನೋಂದಾಯಿತರಾದವರು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು, ಊರು ಬಿಡಬೇಕಾದರೆ ಪರವಾನಗಿ ಪಡೆಯಬೇಕು, ತಪ್ಪಿದರೆ ಶಿಕ್ಷೆ. ಹುಟ್ಟಿದ ಮಗುವೂ ಅನುಮಾನದ ಪಟ್ಟಿಯಲ್ಲಿಯೇ ಹುಟ್ಟುತ್ತಿತ್ತು. ೧೯೫೨ರ ಆಗಸ್ಟ್ ೩೧ರಂದು ಕಾಯಿದೆ ರದ್ದಾಗಿ ಈ ಜನರು ವಿಮುಕ್ತ ಜಾತಿಗಳೆನಿಸಿದರು. ಆದರೆ ಪೋಲೀಸನ ಟೊಪ್ಪಿಗೆಯನ್ನು ಕಂಡೊಡನೆ ಎದೆ ಧಸಕ್ಕೆನ್ನುವ ಸ್ವಭಾವವನ್ನು ಯಾವ ರಾಜಪತ್ರವೂ ರದ್ದುಗೊಳಿಸಲಾರದು.

ಅಸ್ಪೃಶ್ಯತೆಯ ವಿಷಯದಲ್ಲಿ ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯ ದೊರೆಯುತ್ತದೆ. ಡಾ. ಬಾಬಾಸಾಹೇಬ ಅಂಬೇಡಕರರು ತಮ್ಮ ಆತ್ಮಕಥನಾತ್ಮಕ ಟಿಪ್ಪಣಿಗಳಲ್ಲಿ ೧೯೦೧ರ ಒಂದು ಪ್ರವಾಸವನ್ನು ದಾಖಲಿಸಿದ್ದಾರೆ. ಸಾತಾರೆಯಿಂದ ತಂದೆಯವರಿದ್ದ ಊರಿಗೆ ಹೊರಟ ಬಾಲಕರು ಮಸೂರ ನಿಲ್ದಾಣದಲ್ಲಿಳಿದರು. ಜಾತಿ ತಿಳಿದೊಡನೆ ಬಂಡಿಯವರಾರೂ ಮುಟ್ಟಲೊಲ್ಲರು. ಇಮ್ಮಡಿ ಬಾಡಿಗೆಗೆ ಸಿಕ್ಕ ಬಂಡಿಯನ್ನು ತಾವೇ ಹೊಡೆಯಬೇಕಾಯಿತು. ಬುತ್ತಿಯಿತ್ತು, ನೀರು ಸಿಕ್ಕಲಿಲ್ಲ. ಸುಂಕದ ಕಟ್ಟೆಯ ಬಳಿ ಆ ಮಕ್ಕಳು ಸರದಿಯ ಮೇಲೆ ಎಚ್ಚರವಿದ್ದು ರಾತ್ರಿಯನ್ನು ಕಳೆದರು. ಅಪಾಯ ಯಾವ ದಿಕ್ಕಿನಿಂದ ಬಂದೀತೋ ಎಂದು ಸದಾ ಎಚ್ಚತ್ತಿರುವ ಈ ಸ್ಥಿತಿಯನ್ನು ಮನೋವೈದ್ಯರು ಆತಂಕದ ಮುಖ್ಯ ಲಕ್ಷಣಗಳಲ್ಲಿ ಎಣಿಸುತ್ತಾರೆ. ಇಲ್ಲಿ ಒಂದು ತೊಡಕಿನ ಪ್ರಶ್ನೆ ಉದ್ಭವಿಸುತ್ತದೆ. ನೀರು ಕೇಳಿದರೆ ಹೊಡೆತ ಬೀಳುವ ಸಮಾಜದಲ್ಲಿ ನೀರು ಕೇಳಲು ಹೆದರುವುದು ರೋಗವೆ, ವಿವೇಕವೆ? ಹೆದರಿಕೆಗೆ ಕಾರಣವಿದೆಯೆಂದು ಒಪ್ಪಿದ ಮಾತ್ರಕ್ಕೆ ಅದರಿಂದ ಮೈಮನಗಳು ಕ್ಷಯಿಸುವುದಿಲ್ಲವೆಂದು ಹೇಳಬರುವುದಿಲ್ಲ. ಕಾರಣವನ್ನು ಸಮಾಜದಲ್ಲಿ ತಿದ್ದಬೇಕು, ಬೇನೆಯನ್ನು ವ್ಯಕ್ತಿಯಲ್ಲಿ ಉಪಚರಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಡುವಂತಿಲ್ಲ.

೬. ಗಡಿ ದಾಟಿದ ಕನ್ನಡ ಕೂಲಿಕಾರರು

ಪುಣೆಯ ವಡಾರವಾಡಿ ಎಂಬ ವಸತಿಯ ಹೆಸರೇ ಕಲ್ಲೊಡೆಯುವ ಒಡ್ಡರ ಶ್ರಮಕ್ಕೆ ಸಾಕ್ಷಿ. ವಿಜಯಪುರ, ಕಲಬುರ್ಗಿ, ಯಾದಗಿರಿ ಮುಂತಾದ ಬರಪೀಡಿತ ಜಿಲ್ಲೆಗಳಿಂದ ಒಡ್ಡರೂ ಲಂಬಾಣಿಗಳೂ ಇತರ ಭೂಹೀನರೂ ಕಟ್ಟಡದ ಕೆಲಸಕ್ಕಾಗಿ ಪುಣೆಗೆ ಬರುವುದು ಇಂದಿಗೂ ನಡೆದಿದೆ. ಇವರಿಗೆ ಹಳೆಯ ಭೀತಿಗಳ ಜೊತೆಗೆ ಗಡಿಯು ಇನ್ನೊಂದನ್ನು ಕೂಡಿಸುತ್ತದೆ. ಕರ್ನಾಟಕದಲ್ಲಿ ಭೋವಿ ಅಥವಾ ಒಡ್ಡರೂ ಲಂಬಾಣಿಗಳೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಮಹಾರಾಷ್ಟ್ರದಲ್ಲಿ ವಡಾರರೂ ಬಂಜಾರರೂ ವಿಮುಕ್ತ ಜಾತಿಗಳ ಪಟ್ಟಿಯಲ್ಲಿದ್ದಾರೆ. ಒಂದು ರಾಜ್ಯದಲ್ಲಿ ಪಡೆದ ಸ್ಥಾನವು ವಲಸೆಹೋದ ರಾಜ್ಯದಲ್ಲಿ ಸಲ್ಲುವುದಿಲ್ಲವೆಂದು ೧೯೯೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದುದರಿಂದ ಭೀಮಾ ನದಿಯನ್ನು ದಾಟಿದ ಕುಟುಂಬವು ತನ್ನ ಜಾತಿಯ ಕಳಂಕವನ್ನು ಹೊತ್ತು ತರುತ್ತದೆ, ಅದರ ಪರಿಹಾರವನ್ನು ಮಾತ್ರ ಹಿಂದೆ ಬಿಟ್ಟು ಬರುತ್ತದೆ.

ಭಾಷೆಯ ತೊಡಕನ್ನು ಬೇರೆಯಾಗಿ ಹೇಳಬೇಕಾಗಿದೆ. ಮುರಿದ ಎಲುಬನ್ನು ಮರಾಠಿ ಬಾರದವನೂ ಬೆರಳಿಟ್ಟು ತೋರಿಸಬಲ್ಲನು. ದಿಗಿಲನ್ನು ತೋರಿಸಲು ಬೆರಳು ಸಾಲದು; ಅದಕ್ಕೆ ಮಾತೇ ಬೇಕು, ಅದೂ ತಾಯಿನುಡಿಯ ಮಾತು. ವಿದ್ಯಾವಂತ ಕನ್ನಡಿಗನು ಪುಣೆಯಲ್ಲಿ ಮರಾಠಿಯಿಂದಲೂ ಇಂಗ್ಲೀಷಿನಿಂದಲೂ ಕಾರ್ಯ ಸಾಧಿಸಿಕೊಳ್ಳುತ್ತಾನೆ. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿಯ ಹೆಣ್ಣುಮಗಳು ಸಂತೆಯ ಮರಾಠಿಯನ್ನು ಬೇಗ ಕಲಿತರೂ ತನ್ನ ತಳಮಳವನ್ನು ಆ ಭಾಷೆಯಲ್ಲಿ ಬಿಚ್ಚಿ ಹೇಳುವಷ್ಟು ಕಲಿಯುವುದು ದುಸ್ತರ.

೭. ಎಣಿಕೆಯ ಪ್ರಯತ್ನಗಳು

ಆಸ್ಪತ್ರೆಯ ಗೋಡೆಯಿಂದ ಹೊರಬಂದು ಜನರ ನಡುವೆ ಮನೋವ್ಯಾಧಿಯನ್ನು ಗುರುತಿಸುವ ಕಾರ್ಯದಲ್ಲಿ ಕನ್ನಡ ನಾಡಿಗೆ ಹಿರಿದಾದ ಸ್ಥಾನವಿದೆ. ೧೯೭೪ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡುವ ಪ್ರಯೋಗವನ್ನು ಕೈಗೊಂಡಿತು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾಯಿತು. ಅದೇ ದಶಕದ ಮಧ್ಯದಲ್ಲಿ ಅಂದಿನ ಅಖಂಡ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಚಿಕಿತ್ಸೆಯನ್ನು ಒದಗಿಸುವ ಪ್ರಯೋಗ ನಡೆಯಿತು; ಅದೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆದರೆ ಈ ಕಾರ್ಯಕ್ರಮಗಳು ಸಹ ಪ್ರಾರಂಭದಲ್ಲಿ ತೀವ್ರ ವಿಕಾರಗಳಿಗೂ ಅಪಸ್ಮಾರಕ್ಕೂ ಮೊದಲ ಪ್ರಾಶಸ್ತ್ಯ ಕೊಟ್ಟವು. ಅಂಜಿಕೆಯ ಸರದಿ ತಡವಾಗಿ ಬಂದಿತು. ಪುಣೆಯಲ್ಲಿ ೧೯೯೯ರಲ್ಲಿ ಸ್ಥಾಪಿತವಾದ ಬಾಪು ಟ್ರಸ್ಟ್ ಬಡವರ ವಸತಿಗಳಲ್ಲಿಯೇ ನೆರವನ್ನು ಒದಗಿಸುವ ಮಾರ್ಗವನ್ನು ಹಿಡಿದದ್ದು ಈ ದೃಷ್ಟಿಯಿಂದ ಗಮನಾರ್ಹವಾಗಿದೆ.

ನಿಮ್ಹಾನ್ಸ್ ೨೦೧೫-೧೬ರಲ್ಲಿ ನಡೆಯಿಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಹನ್ನೆರಡು ರಾಜ್ಯಗಳನ್ನು ಒಳಗೊಂಡಿತ್ತು. ವಯಸ್ಕರಲ್ಲಿ ಶೇಕಡಾ ೧೦.೬ ಜನರು ಒಂದಲ್ಲ ಒಂದು ಮನೋವ್ಯಾಧಿಯಿಂದ ಬಳಲುತ್ತಿದ್ದರೆಂದೂ, ಆತಂಕ ಖಿನ್ನತೆಗಳಂಥ ಸಾಮಾನ್ಯ ವ್ಯಾಧಿಗಳಲ್ಲಿ ಶೇಕಡಾ ೮೫ರಷ್ಟು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲವೆಂದೂ ಅದರಿಂದ ತಿಳಿದುಬಂದಿತು. ಆತಂಕ ಮತ್ತು ಒತ್ತಡದ ವ್ಯಾಧಿಗಳು ಸ್ತ್ರೀಯರಲ್ಲಿ ಹೆಚ್ಚು, ಬಡ ಕುಟುಂಬಗಳಲ್ಲಿ ಮನೋವ್ಯಾಧಿಯ ಹೊರೆ ಹೆಚ್ಚು ಎಂಬುದೂ ಕಂಡಿತು. ಆದರೆ ಆ ಹನ್ನೆರಡು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ. ೨೦೨೦ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ ೨೦೧೭ರಲ್ಲಿ ಭಾರತದಲ್ಲಿ ಆತಂಕವ್ಯಾಧಿಯುಳ್ಳವರ ಸಂಖ್ಯೆ ಸುಮಾರು ೪.೪೯ ಕೋಟಿ.

ಬಡತನವೊಂದೇ ಈ ಹೊರೆಗೆ ಕಾರಣವೆ ಎಂಬ ಪ್ರಶ್ನೆಗೂ ಉತ್ತರದ ದಿಕ್ಕು ತೋರಿದೆ. ವಿಕ್ರಮ್ ಪಟೇಲ್ ಮತ್ತು ಆರ್ಥರ್ ಕ್ಲೈನ್‌ಮನ್‌ರು ೨೦೦೩ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಕೇವಲ ವರಮಾನದ ಕೊರತೆಗಿಂತ ಅಭದ್ರತೆ, ನಿರಾಶೆ, ವಿದ್ಯೆಯ ಅಭಾವ, ತ್ವರಿತ ಸಾಮಾಜಿಕ ಪರಿವರ್ತನೆಗಳು ಈ ವ್ಯಾಧಿಗಳೊಡನೆ ಬಿಗಿಯಾದ ಸಂಬಂಧವುಳ್ಳವುಗಳೆಂದು ಎತ್ತಿ ತೋರಿಸಿದರು. ಆಶಿಷ್ ಗುಪ್ತಾ ಮತ್ತು ಡಯಾನ್ ಕಾಫಿಯವರು ೨೦೨೦ರಲ್ಲಿ ಪ್ರಕಟಿಸಿದ ಅಧ್ಯಯನವು ಇನ್ನೂ ಮುಂದೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಒಂದು ಸಮೀಕ್ಷೆಯಿಂದ ಅವರು ತಮ್ಮ ಆಧಾರವನ್ನು ಪಡೆದರು. ಅದು ಆರು ರಾಜ್ಯಗಳಲ್ಲಿ ನಡೆದುದು, ಕರ್ನಾಟಕ ಮಹಾರಾಷ್ಟ್ರಗಳು ಎರಡೂ ಅವುಗಳಲ್ಲಿ ಸೇರಿವೆ. ಪರಿಶಿಷ್ಟ ಜಾತಿಯವರೂ ಮುಸಲ್ಮಾನರೂ ಮೇಲ್ಜಾತಿಯ ಹಿಂದೂಗಳಿಗಿಂತ ಹೆಚ್ಚು ಖಿನ್ನತೆಯನ್ನೂ ಕಳವಳವನ್ನೂ ಹೇಳಿಕೊಂಡರು. ಆಸ್ತಿ, ವೆಚ್ಚ, ವಿದ್ಯೆ, ವಾಸಸ್ಥಾನಗಳ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಅಳಿಯಲಿಲ್ಲ. ಎಂದಮೇಲೆ ಬಡತನವನ್ನು ಕಳೆದರೂ ಉಳಿಯುವ ಶೇಷವೊಂದಿದೆ. ಆ ಶೇಷವನ್ನು ಅನ್ಯರ ನಡವಳಿಕೆಯಲ್ಲಿ, ಅಪಮಾನದ ಸಂಭವದಲ್ಲಿ ಹುಡುಕಬೇಕು. ರೋಗವೇ ದುಡಿಮೆಯನ್ನು ಕಸಿದು ಬಡತನವನ್ನು ತರುವುದೂ ಉಂಟು; ಆದರೆ ಜಾತಿಯು ರೋಗದಿಂದ ಬರುವುದಿಲ್ಲ. ಆದಕಾರಣ ಜಾತಿಯ ವಿಷಯದಲ್ಲಿ ಕಾರ್ಯಕಾರಣಗಳ ದಿಕ್ಕಿನ ಬಗ್ಗೆ ಸಂದೇಹಕ್ಕೆ ಆಸ್ಪದವಿಲ್ಲ.

೮. ಉಪಸಂಹಾರ

೨೦೨೦ರ ಮಾರ್ಚ್ ೯ರಂದು ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳು ಪುಣೆಯಲ್ಲಿಯೇ ಪತ್ತೆಯಾದರು. ಅದೇ ತಿಂಗಳಲ್ಲಿ ಕರ್ನಾಟಕ ಮಹಾರಾ‍ಷ್ಟ್ರಗಳೆರಡೂ ೧೮೯೭ರ ಕಾಯಿದೆಯನ್ನು ಮತ್ತೆ ಹೊರತೆಗೆದವು. ಮಾರ್ಚ್ ೨೪ರ ರಾತ್ರಿ ನಾಲ್ಕು ಗಂಟೆಗಳ ಮುನ್ಸೂಚನೆಯ ಮೇಲೆ ದೇಶವು ಸ್ತಬ್ಧಗೊಂಡಾಗ, ಕಟ್ಟಡದ ಕೆಲಸಗಾರರು ಕೂಲಿಯಿಲ್ಲದೆ, ಊರಿಗೆ ಹೋಗಲು ಗಾಡಿಯಿಲ್ಲದೆ ನಿಂತರು. ಅನುಕೂಲಸ್ಥರು ಮನೆಯೊಳಗೆ ಉಳಿದರು. ನೂರಿಪ್ಪತ್ತಮೂರು ವರ್ಷಗಳ ಅಂತರದಲ್ಲಿ ವೈದ್ಯವು ಬಹಳ ಮುಂದುವರಿದಿತ್ತು. ಭೀತಿಯು ವರ್ಗಗಳ ನಡುವೆ ಹಂಚಿಕೆಯಾಗುವ ಪ್ರಮಾಣ ಮಾತ್ರ ಅಷ್ಟಾಗಿ ಬದಲಾಗಿರಲಿಲ್ಲ.

ಕಾನೂನಿನ ದೃಷ್ಟಿಯಾದರೂ ಬದಲಾಗಿದೆಯೆಂಬುದು ಸಮಾಧಾನದ ಸಂಗತಿ. ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂದ ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು ಜಾತಿ, ವರ್ಗ, ಧರ್ಮ, ಲಿಂಗಗಳ ಭೇದವಿಲ್ಲದೆ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. ಪೋಲೀಸನು ಕಾಯುತ್ತಿದ್ದ ಬಾಗಿಲಲ್ಲಿ ಕೊನೆಗೆ ಹಕ್ಕಿನ ಫಲಕವೊಂದು ತೂಗಿತು. ೨೦೨೨ರ ಅಕ್ಟೋಬರ್ ೧೦ರಂದು ಪ್ರಾರಂಭವಾದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಗೆ ೧೪೪೧೬ ಎಂಬ ಸಂಖ್ಯೆಯಿಂದ ಕರೆಮಾಡಬಹುದು; ಅದು ಸೇವೆ ಸಲ್ಲಿಸುವ ಭಾಷೆಗಳಲ್ಲಿ ಕನ್ನಡವೂ ಇದೆ. ಗೋವೆಯ ಸರಕಾರೀ ಆರೋಗ್ಯ ಕೇಂದ್ರಗಳಲ್ಲಿ ನಡೆದು ೨೦೧೦ರಲ್ಲಿ ಪ್ರಕಟವಾದ ಪ್ರಯೋಗವು, ವೈದ್ಯರಲ್ಲದ ಸ್ಥಳೀಯ ಜನರೂ ತಕ್ಕ ತರಬೇತಿಯಿಂದ ಆತಂಕ ಖಿನ್ನತೆಗಳ ಉಪಚಾರದಲ್ಲಿ ಪರಿಣಾಮಕಾರಿಯಾಗಬಲ್ಲರೆಂದು ತೋರಿಸಿಕೊಟ್ಟಿದೆ.

ಹೊರನಾಡಿನ ಕನ್ನಡ ಸಂಸ್ಥೆಗಳಿಗೆ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಶಾಸನಗಳನ್ನೂ ಹಸ್ತಪ್ರತಿಗಳನ್ನೂ ಸಂಗ್ರಹಿಸಿದ ಶ್ರದ್ಧೆಯಿಂದಲೇ ಕನ್ನಡ ಕೂಲಿಕಾರರ ಮೌಖಿಕ ವೃತ್ತಾಂತಗಳನ್ನು ಸಂಗ್ರಹಿಸಬೇಕು. ಪ್ಲೇಗಿನ ಕಾಲದ ಬಡವರ ವಿಷಯದಲ್ಲಿ ಆದ ಲೋಪ ಇವರ ವಿಷಯದಲ್ಲಿಯೂ ಆಗಬಾರದು. ಉತ್ತರ ಕರ್ನಾಟಕದ ಜನರು ದಿಗಿಲನ್ನು ಹೇಳುವ ದೇಹಭಾಷೆಯ ಮಾತುಗಳನ್ನು ಮರಾಠಿ ಸಮಾನಾರ್ಥಕಗಳೊಡನೆ ಕೂಡಿಸಿ ಸಣ್ಣದೊಂದು ಕೋಶವನ್ನು ಸಿದ್ಧಪಡಿಸಿದರೆ ಪುಣೆಯ ಸರಕಾರೀ ದವಾಖಾನೆಗಳ ವೈದ್ಯರಿಗೆ ಅದು ನಿತ್ಯೋಪಯೋಗಿಯಾದೀತು. ವಾರದಲ್ಲಿ ಒಂದು ದಿನ ಅಂಥ ದವಾಖಾನೆಯಲ್ಲಿ ರೋಗಿಯ ಬದಿಗೆ ಕುಳಿತು ಅವನ ಕನ್ನಡವನ್ನು ವೈದ್ಯನಿಗೆ ತಿಳಿಯಹೇಳಲು ಇಬ್ಬರು ಮೂವರು ಸದಸ್ಯರು ಮುಂದೆ ಬಂದರೂ ಸಾಕು, ಕಾರ್ಯವು ಪ್ರಾರಂಭವಾದಂತೆಯೇ.